ಕೆಳಗಿನ ದಾರದ ಲೆಕ್ಕ

ಹೊಲಿಗೆ ಮಷಿನ್ನಿನ ಭಾಗಗಳೆಲ್ಲ ಕಾರ್ಖಾನೆಯಲ್ಲಿ ತಯಾರಾಗಿ ಬಂದವು. ಸೂಜಿ, ಹುಕ್, ಬಟ್ಟೆಯನ್ನು ಮುಂದೂಡುವ ಹಲ್ಲು, ದಾರಕ್ಕೆ ಬಿಗಿ ಕೊಡುವ ಟೆನ್ಶನ್ ಡಿಸ್ಕ್, ಯಾವುದರ ಅಳತೆಯೂ ನಮ್ಮ ಕೈಯಲ್ಲಿಲ್ಲ. ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ, ಅಂದರೆ ಬಾಬಿನ್, ಒಂದು ಮಾತ್ರ ಹಾಗಲ್ಲ. ಅದನ್ನು ಹೊಲಿಯುವವರೇ ದಿನಕ್ಕೆ ನಾಲ್ಕಾರು ಸಲ ತಯಾರು ಮಾಡುತ್ತಾರೆ. ಹೆಚ್ಚಿನ ಸಲ ಅದು ಅವಸರದ ಕೆಲಸ. ದಾರ ಮುಗಿದಿದೆ, ಬ್ಲೌಸಿನ ತೋಳು ಅರ್ಧಕ್ಕೆ ನಿಂತಿದೆ, ಸುತ್ತಿ ಹಾಕಿದರೆ ಸಾಕು ಅನ್ನುವ ಹೊತ್ತು. ಆಮೇಲೆ ಹೊಲಿಗೆ ಸರಿ ಬೀಳದಿದ್ದರೆ ಕೈ ನೇರ ಹೋಗುವುದು ಮೇಲಿನ ಟೆನ್ಶನ್ ತಿರುಪಿಗೆ. ಬಾಬಿನ್ ಸರಿಯಿದೆ ಅಂತ ಖಚಿತವಾಗುವವರೆಗೆ ಆ ತಿರುಪನ್ನು ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ಕಾರಣಗಳು ಕೆಳಗಿವೆ.

ಮೊದಲು, ಸೂಜಿ ತಟ್ಟೆಯ ಅಡಿಯಲ್ಲಿ ಏನಾಗುತ್ತದೆ ಅನ್ನುವುದು. ಸೂಜಿ ಬಟ್ಟೆ ತೂರಿ ತೀರಾ ಕೆಳಗೆ ಹೋಗಿ, ಮೇಲೇಳಲು ಶುರುಮಾಡಿದ ಕ್ಷಣದಲ್ಲಿ ಅದರ ಕಣ್ಣಿನ ಹಿಂದೆ ದಾರ ಒಂದು ಚಿಕ್ಕ ಕುಣಿಕೆಯಾಗಿ ಉಬ್ಬುತ್ತದೆ. ಹುಕ್ಕಿನ ಮೂತಿ ಆ ಕುಣಿಕೆಯನ್ನು ಹಿಡಿದು, ಅಗಲಿಸಿ, ಬಾಬಿನ್ ಕೂರುವ ಪುಟ್ಟ ಡಬ್ಬಿಯ, ಅಂದರೆ ಬಾಬಿನ್ ಕೇಸಿನ, ಸುತ್ತ ಪೂರ್ತಿ ಒಂದು ಸುತ್ತು ದಾಟಿಸುತ್ತದೆ. ಅಂದರೆ ಪ್ರತಿ ಹೊಲಿಗೆಗೂ ಇಡೀ ಬಾಬಿನ್ನು ಕೇಸಿನ ಸಮೇತ ಮೇಲ್ದಾರದ ಕುಣಿಕೆಯೊಳಗಿಂದ ನುಸುಳಿ ಬರುತ್ತದೆ. ಕೇಸಿನ ಸುತ್ತ ದಾರ ಹಾಯುವಷ್ಟು ಸಂದು ಎಲ್ಲ ಕಡೆ ಇರಲೇಬೇಕು. ಬಾಬಿನ್ ಇಷ್ಟು ಚಿಕ್ಕದಿರುವುದು ಇದಕ್ಕೇ. ಬಾಬಿನ್ ದೊಡ್ಡದಾದಷ್ಟೂ ಕುಣಿಕೆ ದೊಡ್ಡದಾಗಬೇಕು, ಅದನ್ನು ಎಳೆದುಕೊಳ್ಳುವ ಟೇಕಪ್ ಲಿವರ್ ಹೆಚ್ಚು ಎತ್ತರಕ್ಕೆ ಏಳಬೇಕು. ಮಷಿನ್ನಿನ ಇಡೀ ಲೆಕ್ಕಾಚಾರ ಒಂದು ನಿರ್ದಿಷ್ಟ ಅಳತೆಯ ಬಾಬಿನ್ನಿಗೆ ಕಟ್ಟಿದ್ದು. ಹಾಗಾಗಿ ಬಾಬಿನ್ ಆರಿಸುವಾಗ "ಹೆಚ್ಚುಕಮ್ಮಿ ಅದೇ ಸೈಜು" ಅನ್ನುವ ಮಾತು ನಡೆಯುವುದಿಲ್ಲ.

ಅಂಗಡಿಯಲ್ಲಿ ಬರೀ "ಬಾಬಿನ್ ಕೊಡಿ" ಅಂದರೆ ಮೂರ್ನಾಲ್ಕು ಬಗೆಯಲ್ಲಿ ಯಾವುದಾದರೂ ಸಿಗಬಹುದು. ಮನೆ ಮಷಿನ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 15ನೇ ಕ್ಲಾಸಿನದು: ವ್ಯಾಸ ಸುಮಾರು 20.5 ಮಿ.ಮೀ., ಎತ್ತರ ಸುಮಾರು 11.5 ಮಿ.ಮೀ., ಎರಡೂ ಬದಿಯ ಬಿಲ್ಲೆಗಳು ಚಪ್ಪಟೆ. ಗುಂಡು ಬಾಬಿನ್ನಿನ ಕಪ್ಪು ಪೆಡಲ್ ಮಷಿನ್‌ಗಳಲ್ಲಿ, ಈಗಿನ ಝಿಗ್‌ಝಾಗ್ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ. ಎಲ್ ಮಾದರಿಯದರ ವ್ಯಾಸ ಬಹುತೇಕ ಅಷ್ಟೇ, ಎತ್ತರ ಮಾತ್ರ 9 ಮಿ.ಮೀ.ಗಿಂತ ಸ್ವಲ್ಪ ಕಮ್ಮಿ. ಗಾರ್ಮೆಂಟ್ಸ್‌ನಲ್ಲಿ ಓಡುವ ಹೈಸ್ಪೀಡ್ ಮಷಿನ್‌ಗಳ ಅಲ್ಯೂಮಿನಿಯಂ ಬಾಬಿನ್ನೂ ಇದರ ಆಸುಪಾಸಿನ ಗಾತ್ರದ್ದು. ಎಮ್ ಮಾದರಿ ದೊಡ್ಡದು, ವ್ಯಾಸ ಸುಮಾರು 25 ಮಿ.ಮೀ.; ದಪ್ಪ ದಾರದ ಭಾರಿ ಕೆಲಸಕ್ಕೆ, ಕೆಲವು ಕ್ವಿಲ್ಟಿಂಗ್ ಮಷಿನ್‌ಗಳಿಗೆ. ಹಳೆಯ ಸಿಂಗರ್ 66, 99, 201 ಮಾಡೆಲ್‌ಗಳದು 66ನೇ ಕ್ಲಾಸು. ದೂರದಿಂದ 15ರಂತೆಯೇ ಕಂಡರೂ ಅದರ ಬಿಲ್ಲೆ ಚಪ್ಪಟೆಯಲ್ಲ, ಸ್ವಲ್ಪ ಹೊರಕ್ಕೆ ಉಬ್ಬಿದ್ದು. ಇನ್ನು ಸಿಂಗರ್ 27, 28, 127, 128ರಂಥ ಬಹಳ ಹಳೆಯ ಮಷಿನ್‌ಗಳಲ್ಲಿ ದೋಣಿಯಾಕಾರದ ಶಟಲ್ಲಿನೊಳಗೆ ಕೂರುವ ಉದ್ದನೆ ಬಾಬಿನ್. ಅದು ಬೇರೆ ಯಾವುದಕ್ಕೂ ಆಗುವುದಿಲ್ಲ.

ಬ್ರದರ್ ಮಷಿನ್ ಇದ್ದವರು ಒಂದು ಮಾತು ನೆನಪಿಡಬೇಕು. ಅವರ ಪ್ಲಾಸ್ಟಿಕ್ ಬಾಬಿನ್‌ಗಳು 11.5 ಮತ್ತು 9.2 ಮಿ.ಮೀ. ಎಂಬ ಎರಡು ಎತ್ತರದಲ್ಲಿವೆ. ಈಗಿನ ಬಹುತೇಕ ಮಾಡೆಲ್‌ಗಳಿಗೆ ಮೊದಲನೆಯದು, ಕೆಲವು ಹಳೆಯವಕ್ಕೆ ಎರಡನೆಯದು. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ, ಒಂದೊಂದೇ ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ.

ಎತ್ತರ ಜಾಸ್ತಿಯಾದ ಬಾಬಿನ್ ತಾನಾಗಿಯೇ ಸಿಕ್ಕಿಬೀಳುತ್ತದೆ: ಕೇಸು ಕಚ್ಚಿಕೊಳ್ಳುವುದಿಲ್ಲ, ಅಥವಾ ಕಚ್ಚಿಕೊಂಡರೂ ದಾರ ಬಿಗಿಯಾಗಿ ಜಗ್ಗುತ್ತದೆ. ಮೋಸ ಮಾಡುವುದು ಎತ್ತರ ಕಮ್ಮಿಯಿರುವುದು. 15ರ ಕೇಸಿನೊಳಗೆ ಎಲ್ ಮಾದರಿಯದನ್ನು ಹಾಕಿದರೆ ಕೂರುತ್ತದೆ, ತಿರುಗುತ್ತದೆ, ಹೊಲಿಗೆಯೂ ಬೀಳುತ್ತದೆ. ಆದರೆ ಎರಡೂವರೆ ಮಿಲಿಮೀಟರಿನ ಸಡಿಲದಲ್ಲಿ ಅದು ಕಟಕಟ ಅಂತ ಅತ್ತಿತ್ತ ಬಡಿಯುತ್ತದೆ, ಓರೆಯಾದಾಗಲೆಲ್ಲ ದಾರದ ಬಿಗಿ ಬದಲಾಗುತ್ತದೆ, ಒಮ್ಮೊಮ್ಮೆ ದಾರ ಬಿಲ್ಲೆಯ ಆಚೆ ಜಾರಿ ಕೇಸಿನ ನಡುವಿನ ದಿಂಡಿಗೆ ಸುತ್ತಿಕೊಳ್ಳುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಮಷಿನ್‌ಗಳ ಒಳಗಿನ ಶಟಲ್ ಬೇರೆಬೇರೆ ಇರಬಹುದು. ಆದ್ದರಿಂದ ಮಾಡೆಲ್ ಹೆಸರು ಹೇಳಿ ಕೊಳ್ಳುವುದಕ್ಕಿಂತ ಮಷಿನ್ ಜೊತೆಗೆ ಬಂದ ಮೂಲ ಬಾಬಿನ್ನನ್ನೇ ಒಯ್ದು ವರ್ನಿಯರ್‌ನಲ್ಲಿ ಅಳೆದು ಕೊಳ್ಳುವುದು ವಾಸಿ. ಆ ಒಂದು ಬಾಬಿನ್ನನ್ನು ಬಳಸದೆ ಅಳತೆಗೆಂದೇ ಎತ್ತಿಟ್ಟುಕೊಳ್ಳಿ.

ಕಬ್ಬಿಣದ್ದೋ ಪ್ಲಾಸ್ಟಿಕ್ಕೋ ಅನ್ನುವುದಕ್ಕೆ ಉತ್ತರ ಸುಲಭ, ಮಷಿನ್ ಜೊತೆ ಯಾವುದು ಬಂದಿತ್ತೋ ಅದು. ಮೇಲಿನಿಂದ ಬಾಬಿನ್ ಇಳಿಬಿಡುವ ಈಗಿನ ಮಷಿನ್‌ಗಳ ಬಾಬಿನ್ ಗೂಡು ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಕಬ್ಬಿಣದ ಬಾಬಿನ್ ಹಾಕಿದರೆ ಭಾರ ಹೆಚ್ಚಾಗಿ ಗೂಡಿನ ತಳ ಗೀರುತ್ತದೆ, ಆ ಗೀರಿಗೆ ಆಮೇಲೆ ದಾರ ಸಿಕ್ಕುತ್ತದೆ. ಕಪ್ಪು ಮಷಿನ್ನಿನ ಉಕ್ಕಿನ ಕೇಸಿಗೆ ಉಕ್ಕಿನ ಬಾಬಿನ್ನೇ ಸರಿ. ಅದಕ್ಕೆ ಶತ್ರು ತುಕ್ಕು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಸುತ್ತಿಟ್ಟ ಬಾಬಿನ್ ತಿಂಗಳೊಪ್ಪತ್ತು ಹಾಗೇ ಕೂತರೆ ಬಿಳಿ ದಾರದ ಒಳಪದರಕ್ಕೆ ಕಂದು ಕಲೆ ಹತ್ತುತ್ತದೆ, ಅದು ಅಂಗಿಯ ಕಾಲರಿಗೆ ಬರುವವರೆಗೆ ಗೊತ್ತೇ ಆಗುವುದಿಲ್ಲ. ತುಕ್ಕಿಗೆ ಹೆದರಿ ಎಣ್ಣೆ ಸವರಿದರೆ ದಾರವೇ ಎಣ್ಣೆ ಕುಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳದ ಡಬ್ಬಿಯಲ್ಲಿಡಬೇಕು, ಅಷ್ಟೇ. ಹೈಸ್ಪೀಡ್ ಮಷಿನ್‌ಗೆ ಅಲ್ಯೂಮಿನಿಯಂ ಯಾಕೆಂದರೆ ಅದು ಹಗುರ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆಯ ವೇಗದಲ್ಲಿ ಓಡಿ ಥಟ್ಟನೆ ನಿಂತಾಗ ಭಾರದ ಬಾಬಿನ್ ತನ್ನ ಪಾಡಿಗೆ ಇನ್ನೂ ಎರಡು ಸುತ್ತು ತಿರುಗಿ ದಾರ ಚೆಲ್ಲುತ್ತದೆ. ಅದನ್ನು ತಡೆಯಲೆಂದೇ ಆ ಕೇಸಿನ ಒಳಗೆ ತೆಳ್ಳನೆ ಸ್ಪ್ರಿಂಗ್ ಇರುತ್ತದೆ. ಕಸ ತೆಗೆಯುವಾಗ ಅದನ್ನೂ ಕಿತ್ತು ಬಿಸಾಡಬೇಡಿ.

ಹೊಸದಿರಲಿ ಹಳೆಯದಿರಲಿ, ಸುತ್ತುವ ಮುಂಚೆ ಖಾಲಿ ಬಾಬಿನ್ನನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ನೇರ ಉರುಳಬೇಕು. ಕುಂಟಿದರೆ ಬಿಲ್ಲೆ ಬಾಗಿದೆ ಅಂತಲೇ ಅರ್ಥ. ನೆಲಕ್ಕೆ ಬಿದ್ದ ಅಲ್ಯೂಮಿನಿಯಂ ಬಾಬಿನ್ನಿಗೆ ಇದು ಸಾಮಾನ್ಯ. ಉಗುರಿನಿಂದ ಅಂಚು ಸವರಿ, ತರಚಿದ ಜಾಗ ಸಿಕ್ಕರೆ ಅದನ್ನು ತೆಗೆದುಹಾಕಿ. ಬಗ್ಗಿದ್ದನ್ನು ಇಕ್ಕಳದಲ್ಲಿ ನೇರ ಮಾಡುವುದು ವ್ಯರ್ಥ ಕೆಲಸ.

ಇನ್ನು ಸುತ್ತುವುದು. ಹಳೆ ದಾರ ಉಳಿದ ಬಾಬಿನ್ ಮೇಲೆ ಹೊಸದನ್ನು ಸುತ್ತಬಾರದು. ಉಳಿದದ್ದು ಎಂದೂ ಸಮತಟ್ಟಾಗಿ ಇರುವುದಿಲ್ಲ, ಅದರ ಉಬ್ಬುತಗ್ಗು ಮೇಲಿನ ಪದರಗಳಿಗೂ ಏರುತ್ತದೆ. ಮೇಲಿನ ದಾರ ಕೆಳಗಿನ ಸಡಿಲ ಪದರಕ್ಕೆ ಹೂತು ಸಿಕ್ಕಿಕೊಳ್ಳುವುದೂ ಉಂಟು. ಬಿಲ್ಲೆಯ ತೂತಿಗೆ ದಾರದ ತುದಿಯನ್ನು ಒಳಗಿನಿಂದ ಹೊರಕ್ಕೆ ಪೋಣಿಸಿ, ಕೈಯಲ್ಲಿ ಹಿಡಿದುಕೊಂಡು ಎಂಟು ಹತ್ತು ಸುತ್ತು ಸುತ್ತಿ, ನಿಲ್ಲಿಸಿ, ಹೊರಗಿನ ಬಾಲವನ್ನು ಬಿಲ್ಲೆಗೆ ತಾಗಿಸಿ ಕತ್ತರಿಸಬೇಕು. ಬಾಲ ಬಿಟ್ಟರೆ ಅದು ಕೇಸಿನ ಗೋಡೆಗೆ ಉಜ್ಜುತ್ತಲೇ ಇರುತ್ತದೆ.

ಕಪ್ಪು ಮಷಿನ್‌ಗಳಲ್ಲಿ ಕೈಚಕ್ರದ ನಡುವಿನ ತಿರುಪು ಸಡಿಲಿಸಿ ಸೂಜಿಯ ಓಟ ನಿಲ್ಲಿಸಿಕೊಳ್ಳಿ. ಬಾಬಿನ್ ಸುತ್ತುವ ಭಾಗದ, ಅಂದರೆ ವೈಂಡರಿನ, ರಬ್ಬರ್ ಉಂಗುರ ಚಕ್ರಕ್ಕೆ ಒತ್ತಿ ತಿರುಗುತ್ತದೆ. ಉಂಗುರ ಸವೆದಿದ್ದರೆ ಅಥವಾ ಎಣ್ಣೆ ಹತ್ತಿದ್ದರೆ ಜಾರಿ ಜಾರಿ ತಿರುಗುತ್ತದೆ, ಸುತ್ತು ಒಂದೇ ಸಮ ಬರುವುದಿಲ್ಲ. ಬದಲಾಯಿಸಲು ತೀರಾ ಅಗ್ಗದ ಭಾಗ ಅದು. ಇಂಡಸ್ಟ್ರಿಯಲ್ ಮಷಿನ್‌ಗಳಲ್ಲಿ ಹೊಲಿಯುತ್ತಲೇ ಇನ್ನೊಂದು ಬಾಬಿನ್ ಸುತ್ತಿಕೊಳ್ಳುತ್ತದೆ. ಹೊಲಿಯದೆ ಬರೀ ಸುತ್ತುವುದಾದರೆ ಬಟ್ಟೆ ಒತ್ತಿ ಹಿಡಿಯುವ ಫುಟ್ ಎತ್ತಿ, ಮೇಲ್ದಾರ ಬಿಡಿಸಿ, ಒಳಗಿನ ಬಾಬಿನ್ ತೆಗೆದು ಓಡಿಸಬೇಕು. ಇಲ್ಲವಾದರೆ ಹಲ್ಲು ಬರಿಯ ಫುಟ್ಟಿಗೆ ಉಜ್ಜಿ ಎರಡೂ ಸವೆಯುತ್ತವೆ.

ಸುತ್ತಿನ ಗುಣ ನಿರ್ಧಾರವಾಗುವುದು ವೈಂಡರಿನ ಪುಟ್ಟ ಟೆನ್ಶನ್ ಡಿಸ್ಕಿನಲ್ಲಿ. ದಾರ ಎರಡು ಬಿಲ್ಲೆಗಳ ನಡುವೆ ಆಳವಾಗಿ ಕೂತಿರಬೇಕು, ಅಂಚಿನ ಮೇಲೆ ತೇಲುತ್ತಿರಬಾರದು. ಎಷ್ಟೋ ಜನ ಡಿಸ್ಕ್ ಬಿಟ್ಟು ಬೆರಳಲ್ಲೇ ದಾರ ಹಿಡಿದು ಸುತ್ತುತ್ತಾರೆ. ಬೆರಳಿನ ಬಿಗಿ ಒಂದು ಬಾಬಿನ್ ತುಂಬುವಷ್ಟು ಹೊತ್ತು ಒಂದೇ ಸಮ ಇರುವುದು ಸಾಧ್ಯವಿಲ್ಲ. ಸುತ್ತಿದ ಬಾಬಿನ್ನನ್ನು ಹೆಬ್ಬೆರಳಿನ ಉಗುರಲ್ಲಿ ಒತ್ತಿ ನೋಡಿ: ಗಟ್ಟಿಯಾಗಿರಬೇಕು, ಗುರುತು ಉಳಿಯಬಾರದು. ಸ್ಪಂಜಿನ ಹಾಗೆ ಒತ್ತಿದರೆ ಅದು ಸಡಿಲು. ಅಂಥದ್ದರಲ್ಲಿ ಹೊರಪದರ ಒಳಪದರದೊಳಗೆ ಇಳಿದು ಹೋಗುತ್ತದೆ, ಬಿಚ್ಚಿಕೊಳ್ಳುವಾಗ ತಡೆದು ತಡೆದು ಜಗ್ಗುತ್ತದೆ.

ದಾರ ಒಂದೇ ಬದಿಗೆ ಗುಡ್ಡೆಯಾಗುತ್ತಿದ್ದರೆ ಡಿಸ್ಕಿನ ಎತ್ತರ ಬಾಬಿನ್ನಿನ ನಡುಮಧ್ಯಕ್ಕೆ ಸರಿಯಾಗಿಲ್ಲ. ಮೇಲ್ಬದಿಗೆ ಗುಡ್ಡೆಯಾದರೆ ಡಿಸ್ಕನ್ನು ಸ್ವಲ್ಪ ಇಳಿಸಬೇಕು, ಕೆಳಬದಿಗಾದರೆ ಏರಿಸಬೇಕು. ಅರ್ಧ ಮಿಲಿಮೀಟರ್ ಸಾಕಾಗುತ್ತದೆ. ಸುತ್ತುವಾಗ ಬೆರಳಲ್ಲಿ ದಾರವನ್ನು ಮೇಲೆ ಕೆಳಗೆ ಆಡಿಸಿ ಸರಿಮಾಡುವ ಅಭ್ಯಾಸಕ್ಕಿಂತ ಒಮ್ಮೆ ಆ ಸ್ಕ್ರೂ ಸಡಿಲಿಸಿ ಸರಿಪಡಿಸಿದರೆ ಮುಂದಿನ ಬಾಬಿನ್‌ಗಳೆಲ್ಲ ತಾವಾಗಿ ಸಮತಟ್ಟಾಗುತ್ತವೆ.

ಕೋನ್ ದಾರ ಬಳಸುವವರು ಕೋನನ್ನು ನೆಲದ ಮೇಲೋ ಮೊಣಕಾಲ ಪಕ್ಕದಲ್ಲೋ ಇಟ್ಟು ಸುತ್ತಬಾರದು. ದಾರ ಕೋನಿನ ತುದಿಯಿಂದ ನೇರ ಮೇಲಕ್ಕೇರಿ, ಕೋನಿನ ಎತ್ತರದ ಸುಮಾರು ಎರಡೂವರೆ ಪಟ್ಟು ಮೇಲಿರುವ ಕೊಂಡಿಯೊಳಗಿಂದ ಬರಬೇಕು. ಸ್ಟ್ಯಾಂಡಿನ ಕೊಂಡಿ ಕೋನಿನ ನೆತ್ತಿಗೆ ಸರಿಯಾಗಿ ಇರದಿದ್ದರೆ ಪ್ರತಿ ಸುತ್ತಿಗೂ ಒಂದು ಎಳೆತ ಬೀಳುತ್ತದೆ, ಅದು ಬಾಬಿನ್ನಿನಲ್ಲಿ ದಾಖಲಾಗುತ್ತದೆ.

ವೇಗ ಮಧ್ಯಮವಾಗಿರಲಿ, ಕೊನೆತನಕ ಒಂದೇ ಆಗಿರಲಿ. ಇದನ್ನು ಸ್ವಲ್ಪ ವಿವರಿಸಲೇಬೇಕು, ಯಾಕೆಂದರೆ ರೇಷ್ಮೆ ಬ್ಲೌಸ್ ಹೊಲಿಯುವವರು ಪಡುವ ಪಾಡಿಗೆ ಇದೂ ಒಂದು ಮೂಲ. ಪಾಲಿಯೆಸ್ಟರ್ ದಾರ ಎಳೆದರೆ ಹಿಗ್ಗುತ್ತದೆ. ಪೂರ್ತಿ ವೇಗದಲ್ಲಿ, ಬಿಗಿ ಡಿಸ್ಕಿನಲ್ಲಿ ಸುತ್ತಿದಾಗ ಅದು ಹಿಗ್ಗಿದ ಸ್ಥಿತಿಯಲ್ಲೇ ಬಾಬಿನ್ ಏರುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ಬಟ್ಟೆಯೊಳಗೆ ಕೂರುತ್ತದೆ. ಮಷಿನ್ ಮೇಲೆ ಹೊಲಿಗೆ ನೋಡಿದರೆ ಯಾವ ದೋಷವೂ ಇಲ್ಲ. ಒಂದೆರಡು ಗಂಟೆ ಕಳೆದ ಮೇಲೆ, ಇಲ್ಲವೇ ಇಸ್ತ್ರಿಯ ಶಾಖ ತಗುಲಿದಾಗ, ದಾರ ತನ್ನ ಮೂಲ ಉದ್ದಕ್ಕೆ ಮರಳುತ್ತದೆ, ಜೊತೆಗೆ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಮೈಸೂರು ಸಿಲ್ಕಿನ ತೆಳು ಕ್ರೇಪಿನಲ್ಲಿ ಪಕ್ಕದ ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ಸುಕ್ಕು ಕಾಣಿಸುವುದಕ್ಕೆ ಇದು ಕಾರಣವಾಗಿರಬಹುದು. ತಪ್ಪನ್ನು ಬಟ್ಟೆಯ ಮೇಲೋ ಲೈನಿಂಗ್ ಮೇಲೋ ಹಾಕುವ ಮೊದಲು ಹೀಗೆ ಪರೀಕ್ಷಿಸಿ: ಬಾಬಿನ್ನಿನಿಂದ ಸರಿಯಾಗಿ ಒಂದು ಮೀಟರ್ ದಾರ ಎಳೆದು ಕತ್ತರಿಸಿ, ಮೇಜಿನ ಮೇಲೆ ಬಿಡಿಯಾಗಿ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಗಿಡ್ಡವಾಗಿದ್ದರೆ ಸುತ್ತಿದ್ದು ಬಿಗಿಯಾಯಿತು. ಅತಿ ಬಿಗಿಯ ಇನ್ನೊಂದು ಫಲ ಪ್ಲಾಸ್ಟಿಕ್ ಬಾಬಿನ್ನಿನಲ್ಲಿ ಕಾಣುತ್ತದೆ: ದಾರದ ಒತ್ತಡಕ್ಕೆ ಎರಡು ಬಿಲ್ಲೆಗಳೂ ಹೊರಕ್ಕೆ ಬಾಗಿ, ಖಾಲಿಯಿದ್ದಾಗ ಸಲೀಸಾಗಿ ಕೂರುತ್ತಿದ್ದದ್ದು ತುಂಬಿದ ಮೇಲೆ ಗೂಡಿನಲ್ಲಿ ಕಚ್ಚಿ ನಿಲ್ಲುತ್ತದೆ.

ಅಂಚಿನವರೆಗೆ ತುಂಬಬೇಡಿ. ಶೇ. 80ರಷ್ಟು, ಅಂದರೆ ಬಿಲ್ಲೆಯ ಅಂಚಿಗಿಂತ ಒಂದರಿಂದ ಒಂದೂವರೆ ಮಿಲಿಮೀಟರ್ ಒಳಗೆ ನಿಲ್ಲಬೇಕು. ವೈಂಡರ್ ತಾನಾಗಿ ಬಿಟ್ಟುಕೊಳ್ಳುವುದು ತಡವಾದರೆ ಅದರ ಲಾಚ್ ಬಳಿಯ ಚಿಕ್ಕ ಸ್ಕ್ರೂ ಹೊಂದಿಸಿಕೊಳ್ಳಬಹುದು.

ಒಂದು ಬಾಬಿನ್‌ನಲ್ಲಿ ಎಷ್ಟು ದಾರ ಹಿಡಿಯುತ್ತದೆ ಅನ್ನುವುದನ್ನು ಊಹಿಸುವುದಕ್ಕಿಂತ ತೂಗಿ ನೋಡುವುದು ಲೇಸು. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ದಾರದ ದಪ್ಪವನ್ನು ಟೆಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 1000 ಮೀಟರ್ ದಾರದ ತೂಕ ಎಷ್ಟು ಗ್ರಾಂ, ಅಷ್ಟು ಟೆಕ್ಸ್. ಬ್ಲೌಸು, ಚೂಡಿದಾರಕ್ಕೆ ಬಳಸುವ ಸಾಧಾರಣ ಸ್ಪನ್ ಪಾಲಿಯೆಸ್ಟರ್ ಟೆಕ್ಸ್ 27ರ ಹತ್ತಿರದ್ದು, ಅಂದರೆ ಒಂದು ಗ್ರಾಮಿಗೆ ಸುಮಾರು 37 ಮೀಟರ್. ಖಾಲಿ ಬಾಬಿನ್ನಿನ ತೂಕ ಕಳೆದು 37ರಿಂದ ಗುಣಿಸಿದರೆ ಉದ್ದ ಸಿಕ್ಕಿತು. 15ರ ಬಾಬಿನ್ನಿನಲ್ಲಿ ಈ ದಾರ ಹೆಚ್ಚುಕಮ್ಮಿ 45 ಮೀಟರ್ ಕೂರುತ್ತದೆ. ಒಂದು ಮೀಟರ್ ಹೊಲಿಗೆಗೆ ಕೆಳಗಿನ ದಾರ ಸುಮಾರು 1.25 ಮೀಟರ್ ಬೇಕು; ಬಟ್ಟೆ ದಪ್ಪವಾದರೆ, ಹೊಲಿಗೆ ಸಣ್ಣದಾದರೆ ಇನ್ನೂ ಜಾಸ್ತಿ. ಹಾಗೆ ನೋಡಿದರೆ ಒಂದು ಬಾಬಿನ್ನಿಗೆ ಸುಮಾರು 36 ಮೀಟರ್ ಹೊಲಿಗೆ. ಪರದೆಯ ಉದ್ದ ಅಂಚು ನಡುವೆ ತುಂಡಾಗಬಾರದು ಅಂದರೆ ಶುರುಮಾಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಬಹುದು. ತಕ್ಕಡಿಯ ಇನ್ನೊಂದು ಉಪಯೋಗ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಂದೇ ದಾರ, ಒಂದೇ ಬಗೆಯ ಬಾಬಿನ್, ಒಂದೇ ಮಟ್ಟಕ್ಕೆ ತುಂಬಿದ್ದು. ಆದರೂ ಒಂದು ಇನ್ನೊಂದಕ್ಕಿಂತ ಹಗುರವಾಗಿದ್ದರೆ ಹಗುರವಾದದ್ದು ಸಡಿಲ ಸುತ್ತಿದ್ದು. ಕಣ್ಣಿಗೆ ಕಾಣದ ದೋಷ ತೂಕದಲ್ಲಿ ಕಾಣುತ್ತದೆ.

ಕೇಸಿಗೆ ಹಾಕುವ ದಿಕ್ಕಿನಲ್ಲಿ ಗೊಂದಲ ಬೇಡ. ಮುಂದಿನಿಂದಲೋ ಎಡಗಡೆಯಿಂದಲೋ ಕೇಸು ಹಾಕುವ ಮನೆ ಮಷಿನ್‌ಗಳಲ್ಲಿ ಕೇಸಿನ ಬಾಯಿ ನಮ್ಮ ಕಡೆಗಿಟ್ಟು ದಾರ ಎಳೆದಾಗ ಬಾಬಿನ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ಮೇಲಿನಿಂದ ಇಳಿಬಿಡುವವುಗಳಲ್ಲಿ ಅದಕ್ಕೆ ಉಲ್ಟಾ. ಇಂಡಸ್ಟ್ರಿಯಲ್ ಆದರೆ ಮಷಿನ್ನಿನ ಪುಸ್ತಕದ ಬಾಣದ ಗುರುತೇ ಪ್ರಮಾಣ. ದಾರ ಸೀಳಿನೊಳಗೆ ಹೋಗುವಾಗ ಒಮ್ಮೆ ಹಿಂದಕ್ಕೆ ಮಡಚಿಕೊಂಡು ಸ್ಪ್ರಿಂಗಿನ ಅಡಿಗೆ ಸೇರಬೇಕು. ಆ ಮಡಿಕೆಯೇ ಅದನ್ನು ಜಾರದಂತೆ ಹಿಡಿಯುವುದು. ಬಾಬಿನ್ ತಿರುವುಮುರುವಾದರೆ ಮಡಿಕೆಯಿಲ್ಲ, ದಾರ ಸ್ಪ್ರಿಂಗಿನಿಂದ ಹೊರಬರುತ್ತದೆ.

ಉಕ್ಕಿನ ಕೇಸಾದರೆ ದಾರ ಹಿಡಿದು ಗಾಳಿಯಲ್ಲಿ ತೂಗುಬಿಡಿ. ಸುಮ್ಮನೆ ತೂಗಬೇಕು. ಕೈಯನ್ನು ಮೆಲ್ಲಗೆ ಒಮ್ಮೆ ಕುಲುಕಿದರೆ ಮೂರ್ನಾಲ್ಕು ಸೆಂಟಿಮೀಟರ್ ಇಳಿದು ನಿಲ್ಲಬೇಕು. ತಾನಾಗಿ ಜಾರುತ್ತಿದ್ದರೆ ಸಡಿಲು, ಕುಲುಕಿದರೂ ಕದಲದಿದ್ದರೆ ಬಿಗಿ. ಸ್ಕ್ರೂ ತಿರುಗಿಸುವ ಮೊದಲು ಗಟ್ಟಿ ಕಾಗದದ ಅಂಚನ್ನು ಸ್ಪ್ರಿಂಗಿನ ಅಡಿ ಹಾಯಿಸಿ ನೋಡಿ. ಅಲ್ಲಿ ಒತ್ತಿ ಕೂತ ನಾರು ಎಷ್ಟೋ ಸಲ ಟೆನ್ಶನ್ ಕೆಡಿಸಿರುತ್ತದೆ. ಆಮೇಲೂ ಬೇಕಾದರೆ ಎಂಟನೇ ಒಂದು ಸುತ್ತು, ಮತ್ತೆ ಪರೀಕ್ಷೆ. ಕೇಸಿನ ಮೇಲೆ ಎರಡು ಸ್ಕ್ರೂ ಇದ್ದರೆ ತುದಿಯಲ್ಲಿರುವುದು ಸ್ಪ್ರಿಂಗನ್ನು ಹಿಡಿದಿಟ್ಟಿರುವುದು, ಅದನ್ನು ಮುಟ್ಟಬೇಡಿ. ಪ್ಲಾಸ್ಟಿಕ್ ಗೂಡಿನ ಸ್ಕ್ರೂವಿಗೆ ಬಣ್ಣದ ಚುಕ್ಕಿ ಇಟ್ಟಿರುತ್ತಾರೆ, ಅದನ್ನೂ ಹಾಗೇ ಬಿಡುವುದು ಕ್ಷೇಮ.

ಇಷ್ಟೆಲ್ಲ ಆದಮೇಲೂ ಹೊಲಿಗೆ ಕೆಟ್ಟರೆ, ದೋಷ ಬಾಬಿನ್ನಿನದೋ ಬೇರೆಯದೋ ಅಂತ ಬೇರ್ಪಡಿಸಲು ಒಂದು ಅಡಿಕೋಲು ಸಾಕು. ಬಟ್ಟೆಯ ಅಡಿಯಲ್ಲಿ ಗುಂಗುರು ಗುಂಗುರಾಗಿ ದಾರದ ಗೂಡು ಕಟ್ಟಿದರೆ ಅದು ಬಹುಪಾಲು ಮೇಲ್ದಾರದ ತಪ್ಪು. ದಾರ ಮೇಲಿನ ಡಿಸ್ಕಿನಲ್ಲಿ ಕೂತಿಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿದರೆ ಮುಗಿಯಿತು, ಬಾಬಿನ್ನನ್ನು ಬೈಯಬೇಕಿಲ್ಲ. ಆದರೆ ಹೊಲಿಗೆ ಚೆನ್ನಾಗಿ ಬೀಳುತ್ತಾ ಬೀಳುತ್ತಾ ಒಂದು ಕಡೆ ಬಿಗಿದು ಮತ್ತೆ ಸರಿಹೋಗುತ್ತಿದ್ದರೆ, ಬಿಗಿದ ಜಾಗಗಳ ನಡುವಿನ ಅಂತರ ಅಳೆಯಿರಿ. ತುಂಬಿದ ಬಾಬಿನ್ನಿನ ಒಂದು ಸುತ್ತಿನ ದಾರ ಸುಮಾರು 57 ಮಿ.ಮೀ.; ಅದು ನಾಲ್ಕೂವರೆ ಸೆಂಟಿಮೀಟರ್ ಹೊಲಿಗೆಗೆ ಬರುತ್ತದೆ. ಮುಗಿಯುತ್ತ ಬಂದ ಬಾಬಿನ್ನಿನ ಒಂದು ಸುತ್ತು 25 ಮಿ.ಮೀ. ಆಸುಪಾಸು, ಹೊಲಿಗೆಯಲ್ಲಿ ಎರಡು ಸೆಂಟಿಮೀಟರ್. ಹೊಸ ಬಾಬಿನ್ ಹಾಕಿದಾಗ ದೋಷ ನಾಲ್ಕೂವರೆ ಸೆಂಟಿಮೀಟರಿಗೊಮ್ಮೆ ಬಂದು, ದಾರ ಮುಗಿಯುತ್ತ ಬಂದಂತೆ ಹತ್ತಿರ ಹತ್ತಿರವಾಗುತ್ತಿದ್ದರೆ, ಬಿಲ್ಲೆ ಬಾಗಿದೆ ಅಥವಾ ಎಲ್ಲೋ ತರಚಿದೆ ಅನ್ನುವುದರಲ್ಲಿ ಅನುಮಾನವಿಲ್ಲ. ಅಂತರ ಎಂದೂ ಬದಲಾಗದಿದ್ದರೆ ಮಷಿನ್ನಿನ ಬೇರೆ ಭಾಗ ನೋಡಬೇಕು. ಕ್ರಮವೇ ಇಲ್ಲದೆ ಬಂದರೆ ಸಡಿಲ ಸುತ್ತು ಅಥವಾ ನಾರು.

ದಾರ ಮುಗಿಯುವ ಕೊನೆಯ ಎರಡು ಮೂರು ಮೀಟರ್ ಸ್ವಲ್ಪ ಬಿಗಿಯಾಗುವುದು ಮಾತ್ರ ದೋಷವಲ್ಲ. ಬಾಬಿನ್ನಿನ ನಡುದಿಂಡಿನ ಹತ್ತಿರ ಸುತ್ತಿನ ವ್ಯಾಸ ಕಿರಿದಾದಂತೆ ಅದೇ ಬಾಬಿನ್ನನ್ನು ತಿರುಗಿಸಲು ದಾರ ಹೆಚ್ಚು ಬಲ ಹಾಕಬೇಕಾಗುತ್ತದೆ. ಕಾಲರಿನ ಮೇಲ್ಹೊಲಿಗೆಯಂಥ ಎದ್ದು ಕಾಣುವ ಕೆಲಸವನ್ನು ಆ ಕೊನೆಯ ದಾರದಲ್ಲಿ ಮಾಡಬಾರದು. ಒಳಹೊಲಿಗೆಗೆ ಬಳಸಿ ಮುಗಿಸಿ.

ಮೇಲೂ ಕೆಳಗೂ ಒಂದೇ ದಾರ ಅನ್ನುವ ನಿಯಮವನ್ನು ಮೂರು ಕಡೆ ಮುರಿಯಬೇಕು. ಜೀನ್ಸ್ ಮೊದಲನೆಯದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಮೇಲ್ಹೊಲಿಗೆಗೆ ಬಳಸುವಂಥ ದಪ್ಪ ದಾರ ಮನೆ ಮಷಿನ್ನಿನ ಬಾಬಿನ್ ಸ್ಪ್ರಿಂಗಿನಡಿ ಹಾಯುವುದಿಲ್ಲ. ಅದು ಮೇಲಿರಲಿ, ಕೆಳಗೆ ಅದೇ ಬಣ್ಣದ ಸಾಧಾರಣ ದಾರ ಸಾಕು. ಮೇಲ್ದಾರ ಬಟ್ಟೆಯಲ್ಲಿ ನೆಲೆಗೊಳ್ಳುವ ಮೊದಲು ಸೂಜಿಯ ಕಣ್ಣಿನೊಳಗೆ ಹತ್ತಾರು ಸಲ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ, ಬಾಬಿನ್ ದಾರಕ್ಕೆ ಆ ಸವೆತವಿಲ್ಲ, ಹಾಗಾಗಿ ತೆಳ್ಳಗಿದ್ದರೂ ತಾಳುತ್ತದೆ. ಎರಡನೆಯದು ಕಂಪ್ಯೂಟರ್ ಎಂಬ್ರಾಯ್ಡರಿ. ಅಲ್ಲಿ ಕೆಳಗೆ ತೆಳುವಾದ ಬಿಳಿ ಅಥವಾ ಕಪ್ಪು ಪಾಲಿಯೆಸ್ಟರ್. ಕಾರ್ಖಾನೆಯಲ್ಲೇ ಸುತ್ತಿ ಬರುವ ಬಾಬಿನ್‌ಗಳು ಸಿಗುತ್ತವೆ. ಬಟ್ಟೆ ತಿರುಗಿಸಿ ಸ್ಯಾಟಿನ್ ಹೊಲಿಗೆಯ ಹಿಂಬದಿ ನೋಡಿದರೆ ನಡುವೆ ಮೂರನೇ ಒಂದು ಭಾಗ ಬಾಬಿನ್ ದಾರ, ಎರಡೂ ಪಕ್ಕ ಬಣ್ಣದ ದಾರ ಕಾಣಬೇಕು.

ಮೂರನೆಯದು ಮಕ್ಕಳ ಫ್ರಾಕಿನ ಎದೆಗೆ ಹಾಕುವ ಎಲಾಸ್ಟಿಕ್ ದಾರ. ಅದನ್ನು ವೈಂಡರಿಗೆ ಕೊಡಲೇಬಾರದು. ಕೈಯಿಂದ, ಎಳೆಯದೆ, ಆದರೆ ಸುತ್ತುಗಳು ಒಂದರ ಮೇಲೊಂದು ಏರದಂತೆ ಸುತ್ತಿ, ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಮೇಲೆ ಮಾಮೂಲಿ ದಾರ, ಹೊಲಿಗೆಯ ಉದ್ದ 4 ಮಿ.ಮೀ., ಸಾಲಿನಿಂದ ಸಾಲಿಗೆ ಒಂದು ಸೆಂಟಿಮೀಟರ್. ಮೊದಲ ಸಾಲು ಅಷ್ಟಾಗಿ ಸುರುಟುವುದಿಲ್ಲ, ಎರಡನೆಯದರಿಂದ ನೆರಿಗೆ ಗಟ್ಟಿಯಾಗುತ್ತ ಬರುತ್ತದೆ. ಸಾಲುಗಳೆಲ್ಲ ಮುಗಿದ ಮೇಲೆ ಹಿಂಬದಿಯಿಂದ ಇಸ್ತ್ರಿಪೆಟ್ಟಿಗೆಯ ಹಬೆ ತೋರಿಸಿದರೆ ಇನ್ನೂ ಸೇದಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಎಲಾಸ್ಟಿಕ್ಕಿನ ಮೇಲೆ ಒತ್ತಬೇಡಿ.